ಹೊದಿಕೆ ಕೋಣೆಯ ಪರಾಠಾ

ಇಂಗ್ಲೆಂಡಿನ ಬ್ರಾಡ್‌ಫರ್ಡಿನ ಆಸ್ಪತ್ರೆಯಲ್ಲಿ ಸಫೂರಾ ಮುಸ್ಲಿಮರ ಚಾಪ್ಲೆನ್. ರೋಗಿಯಾಗಲಿ, ನರ್ಸಾಗಲಿ, ನೆಲ ಒರೆಸುವವಳಾಗಲಿ, ಎದೆ ಭಾರವಾದವರ ಪಕ್ಕ ಕೂತು ದುವಾ ಮಾಡುವುದು, ಅದಕ್ಕಿಂತ ಹೆಚ್ಚಾಗಿ ಅವರ ಗೋಳು ಕೇಳುವುದು ಅವಳ ಕೆಲಸ. ಮೊದಲು ಉಣ್ಣೆ ಗಿರಣಿಯಲ್ಲಿದ್ದಳು. ಮುಷ್ಕರದಲ್ಲಿ ಗೇಟಿಗೆ ಅಡ್ಡ ಕೂತು ಮಾಲೀಕನ ಕಾರಿಗೂ ದಾರಿ ಬಿಟ್ಟವಳಲ್ಲ. ಅಂಥವಳು ಪ್ರತಿ ರಮಜಾನಿನಲ್ಲೂ ಹೊದಿಕೆ ಜೋಡಿಸಿಡುವ ಕೋಣೆಗೆ ಚಿಲಕ ಹಾಕಿಕೊಂಡು ಕದ್ದು ಪರಾಠಾ ತಿನ್ನುತ್ತಿದ್ದಳು. ಅವಳಿಗೆ ಸಕ್ಕರೆ ಕಾಯಿಲೆ. ರೋಜಾ ಉಪವಾಸ ಬಿಟ್ಟದ್ದು ತಪ್ಪಲ್ಲ, ಗೊತ್ತು. ಆದರೂ ಚಾಪ್ಲೆನ್ ಬಾಯಿ ಆಡಿಸುವುದನ್ನು ಯಾರಾದರೂ ನೋಡಿಬಿಟ್ಟರೆ?

ಈ ಸಲ ಎದುರಾದವಳು ಮಕ್ಸೂದಾ ಖಾಲಾ. ಇನ್ಸುಲಿನ್ ಮೇಲಿರುವ ಮುದುಕಿ, ರೋಜಾ ಬಿಡಲೊಲ್ಲಳು. ಹಿಂದಿನ ದಿನ ಸಕ್ಕರೆ ಇಳಿದು ಪ್ರಜ್ಞೆ ತಪ್ಪಿತ್ತು. ಇನ್ನೊಮ್ಮೆ ಹಾಗಾದರೆ ಜೀವ ಉಳಿಯುವುದು ಕಷ್ಟ ಎಂದು ನರ್ಸ್ ಮೊರೀನ್ ಸಫೂರಾಳನ್ನು ಕರೆಸಿದ್ದಳು.

"ಖಾಲಾ, ಕಾಯಿಲೆಯವ್ರಿಗೆ ಅಲ್ಲಾಹನೇ ಮಾಫಿ ಕೊಟ್ಟಿದಾನೆ."

"ನಂಗೊತ್ತು ಕಣೇ. ನಿಂಗಿಂತ ಮೊದ್ಲು ಕುರಾನ್ ಓದ್ದೋಳು ನಾನು."

"ಮತ್ತೆ ತಿನ್ನಿ."

"ನಿಂಗೂ ಸಕ್ಕರೆ ಕಾಯಿಲೆ ಇದ್ಯಂತೆ, ನಿಮ್ಮತ್ತೆ ಹೇಳಿದ್ಳು. ನೀನು ರೋಜಾ ಹಿಡ್ದು ಜನ್ನತ್‌ಗೆ ಹೋಗೋದು, ನಾನಿಲ್ಲಿ ಗಂಜಿ ಕುಡ್ಕೊಂಡು ಬಿದ್ದಿರೋದು. ಚೆನ್ನಾಗಿದೆ ನ್ಯಾಯ!"

ಸಫೂರಾಳ ಮುಖ ಬಿಸಿಯಾಯಿತು. ವಾರ್ಡಿನ ತುಂಬ ಕಿವಿಗಳು. ನಿಜ ಹೇಳಿದರೆ ಸಂಜೆಯೊಳಗೆ ಸುದ್ದಿ ಮಸೀದಿ ಮುಟ್ಟುತ್ತದೆ. ಮುದುಕಿಯ ತುಟಿ ಬಿಳಿಚಿಕೊಂಡು ನಡುಗುತ್ತಿತ್ತು. ಥೂ, ಗಿರಣಿ ಮಾಲೀಕನಿಗೆ ಹೆದರದವಳು ಹರಟೆಮಲ್ಲರಿಗೆ ಹೆದರುವುದೇ?

ಚೀಲದಿಂದ ಡಬ್ಬಿ ತೆಗೆದಳು. ನಡುಮಧ್ಯಾಹ್ನ, ಪರದೆಯನ್ನೂ ಎಳೆಯದೆ, ಆಲೂ ಪರಾಠಾ ಮುರಿದು ಬಾಯಿಗಿಟ್ಟಳು.

"ತೌಬಾ ತೌಬಾ!" ಎಂದು ಕೆನ್ನೆ ಬಡಿದುಕೊಂಡಳು ಪಕ್ಕದ ಮಂಚದಾಕೆ.

"ತೌಬಾ ಆಮೇಲೆ ಮಾಡ್ತೀನಿ, ಮೊದ್ಲು ಅಗೀತೀನಿ."

ಖಾಲಾ ರೆಪ್ಪೆ ಮಿಟುಕಿಸದೆ ನೋಡಿದಳು. "ಎಷ್ಟು ದಿನದಿಂದ ಇದು?"

"ವರ್ಷಗಳಾಯ್ತು. ಹೊದಿಕೆ ಕೋಣೇಲಿ."

"ಕಳ್ಳಿ! ಒಬ್ಳೇ ತಿಂದ್ಯಾ?" ಮುದುಕಿ ಕೈ ಚಾಚಿದಳು. ಒಂದು ತುತ್ತು, ಇನ್ನೊಂದು. "ಉಪ್ಪು ಕಮ್ಮಿ. ನಿಮ್ಮತ್ತೆ ಕೈಯಡುಗೆ ಇದಲ್ಲ ಬಿಡು."

ಮೊರೀನ್ ಹಣ್ಣಿನ ರಸದ ಲೋಟ ತಂದಿಟ್ಟಳು. ಖಾಲಾ ಅದನ್ನೂ ಬರಿದು ಮಾಡಿದಳು.

ಮರುದಿನ ಸಫೂರಾ ಉಪ್ಪು ಸರಿಯಾಗಿ ಹಾಕಿ ಎರಡು ಪರಾಠಾ ಹೆಚ್ಚಿಗೆ ಕಟ್ಟಿಕೊಂಡು ಬಂದಳು. ಇಬ್ಬರೂ ತಿನ್ನುತ್ತಿದ್ದಾಗ ನೆಲ ಒರೆಸುವ ನಸ್ರೀನ್, ರೋಜಾದಿಂದ ಮಾಫಿಯಿರುವ ತುಂಬು ಬಸುರಿ, ಬಿಸ್ಕತ್ತಿನ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತಳು.

"ಆಪಾ, ಆ ಹೊದಿಕೆ ಕೋಣೆ ಯಾವಾಗ ನೋಡಿದ್ರೂ ಒಳಗಿಂದ ಚಿಲಕ. ನಾನು ಕಕ್ಕಸಲ್ಲಿ ನಿಂತ್ಕೊಂಡು ತಿಂತಿದ್ದೆ."

ಸಫೂರಾ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ಹಾಕಿದಳು. ಎದ್ದು ತನ್ನ ಕುರ್ಚಿ ಅವಳತ್ತ ಎಳೆದಳು.

ಖಾಲಾ ಕಾಲು ಮಡಚಿ ಹಾಸಿಗೆಯ ತುದಿಯಲ್ಲಿ ಸಫೂರಾಳಿಗೆ ಜಾಗ ಮಾಡಿದಳು. "ಕೂತ್ಕೊಳ್ರೇ ಇಬ್ರೂ. ಬಾಗ್ಲು ತೆಗ್ದೇ ಇರ್ಲಿ, ಗಾಳಿ ಬರುತ್ತೆ."