ಬೇಸಿಗೆಗೊಂದು, ಚಳಿಗೊಂದು ಹುಲ್ಲು

ಪರದೇಶದಲ್ಲಿ ಮಗನ ಮನೆಯಿರುವ ಊರು ಜೆರಿಕೋ; ಇಲ್ಲಿ ನಮ್ಮ ಬೀದಿಯಲ್ಲಿ ಇವತ್ತು ಬೆಳಿಗ್ಗೆ ಯಾರೋ ಲಾನ್ ಕತ್ತರಿಸಿದರು. ಕಿಟಕಿಯಿಂದ ಹಸಿ ಹುಲ್ಲಿನ ವಾಸನೆ ಬಂತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಈ ಮುದುಕಿಗೆ ಅದರಿಂದ ಜಪಾನ್ ನೆನಪಾಯಿತು ಎಂದರೆ ನೀವು ನಗುತ್ತೀರಿ. ನಗಿ, ನಾನೂ ನಕ್ಕೆ.

ಮೊಮ್ಮಗಳು ನಯನಾ ಗಾಲ್ಫ್ ಮೈದಾನಗಳ ನಕ್ಷೆ ಬರೆಯುತ್ತಾಳೆ. ಹುಲ್ಲಿಗೂ ಕಾಲೇಜು ಓದಬೇಕೆಂದು ನನಗೆ ತಿಳಿದದ್ದೇ ಅವಳಿಂದ. ಈ ವಸಂತದಲ್ಲಿ ಜಪಾನಿನ ಹಳೆಯ ಕಂಟ್ರಿ ಕ್ಲಬ್ಬೊಂದರ ಕೆಲಸ ಅವಳ ಪಾಲಿಗೆ ಬಂತು. ಅವಳದೇ ಎನ್ನುವ ಮೊದಲ ನಕ್ಷೆ.

"ಇದು ರಿಜೆಕ್ಟ್ ಆದ್ರೆ ಮತ್ತೆ ಬೇರೆಯವರ ಡ್ರಾಯಿಂಗೇ ಕಾಪಿ ಮಾಡ್ಬೇಕು, ಅಜ್ಜಿ. ಐ ಆಮ್ ಸೋ ಸ್ಕೇರ್ಡ್," ಎಂದವಳು ಧೈರ್ಯಕ್ಕೆಂದು ನನ್ನನ್ನೂ ಕರೆದುಕೊಂಡು ಹೋದಳು. ವಿಮಾನದಲ್ಲಿ ಹೆದರಿದ್ದು ನಾನು, ಕೈ ಹಿಡಿದದ್ದು ಅವಳು!

ಎಂಥ ಮೈದಾನ ಅಂತೀರಿ! ಬಾಗಿದ ಪೈನ್ ಕೊಂಬೆಗಳಿಗೆ ಮರದ ಊರುಗೋಲು ಕೊಟ್ಟಿದ್ದರು. ಚೆಂಡು ಬೀಳಿಸುವ ಹದಿನೆಂಟು ಗುಂಡಿಗಳಲ್ಲಿ ಒಂಬತ್ತು ಆಡಿ ಎಲ್ಲರೂ ಊಟಕ್ಕೆ ಏಳುತ್ತಾರೆ, ಪೂರ್ತಿ ಮುಗಿದ ಮೇಲೆ ಬಿಸಿನೀರಿನ ಸ್ನಾನ. ಎಣ್ಣೆ ಹಚ್ಚುವವರಿದ್ದರೆ ನಮ್ಮ ದೀಪಾವಳಿಯೇ.

ಪ್ರತಿ ಗುಂಡಿಗೂ ಎರಡೆರಡು ನುಣ್ಣನೆಯ ಹುಲ್ಲುಹಾಸು, ಅಕ್ಕಪಕ್ಕ; ಚೆಂಡು ಕೊನೆಗೆ ಸೇರುವುದು ಅದರಲ್ಲೊಂದಕ್ಕೆ.

"ಒಂದು ಗಂಡಸರಿಗೆ, ಒಂದು ಹೆಂಗಸರಿಗೇನೇ?"

"ಓ ಮೈ ಗಾಡ್, ಅಜ್ಜಿ! ಒಂದು ಸಮ್ಮರ್‌ಗೆ, ಒಂದು ವಿಂಟರ್‌ಗೆ. ಒಂದ್ರಲ್ಲಿ ಆಡುವಾಗ ಇನ್ನೊಂದು ರೆಸ್ಟ್ ಮಾಡುತ್ತೆ."

ಈಗ ವರ್ಷವಿಡೀ ಬಾಳುವ ಹುಲ್ಲು ಬಂದಿದೆಯಂತೆ. ಎರಡನ್ನೂ ಅಗೆದು ದೊಡ್ಡದೊಂದು ಮಾಡುವುದು ಅವಳ ನಕ್ಷೆ.

ಮಂಡಿ ನೋವಿಗೆ ನಾನು ಅಲ್ಲೇ ಕುಳಿತೆ. ಆಟಗಾರರ ಚೀಲ ಹೊರುವ ಹೆಂಗಸು, ನನ್ನದೇ ವಯಸ್ಸು, ತಲೆಗೆ ಬಟ್ಟೆ ಕಟ್ಟಿ, ಕೋಲು ತಾಗಿ ಕಿತ್ತುಹೋದ ಹುಲ್ಲಿನ ಜಾಗಕ್ಕೆ ಮರಳು ತುಂಬಿ ತಟ್ಟುತ್ತಿದ್ದಳು. ನನ್ನ ಅಂಗೈಗೂ ಒಂದು ಹಿಡಿ ಸುರಿದಳು. ಇಬ್ಬರೂ ಸೇರಿ ತಟ್ಟಿದೆವು. ಆಗ ಅಳತೆ ಹಿಡಿದು ಓಡಾಡುತ್ತಿದ್ದ ನಯನಾಗೆ ಸುಮ್ಮನೆ ಅಂದೆ: "ಬೀಳು ಬಿಟ್ಟ ಹೊಲಾನ ಯಾರಾದ್ರೂ ಸೋಮಾರಿ ಅಂತಾರೇನೇ? ಈ ಹುಲ್ಲೂ ಮಲಗ್ಲಿ ಬಿಡು ಪಾಪ."

ಜಾಣತನದ ಮಾತೇನಲ್ಲ, ನನಗೇ ಮಲಗಬೇಕೆನಿಸಿತ್ತು. ಆದರೆ ಹುಡುಗಿ ನಿಂತುಬಿಟ್ಟಳು. ಸಂಜೆಯೇ ಹಳೆಯ ನಕ್ಷೆ ಬದಿಗಿಟ್ಟು ಹೊಸದಕ್ಕೆ ಕುಳಿತಳು. ಆಫೀಸಿನ ಮೇಲಿನವರು ಬೈದರು. ನನ್ನ ಬಾಯಿಂದ ಮಗುವಿನ ಕೆಲಸ ಹೋಗುತ್ತದಲ್ಲ ಎಂದು ತಿಂಗಳುಗಟ್ಟಲೆ ಒದ್ದಾಡಿದೆ.

ಇವತ್ತು ಆ ವಾಸನೆ ಹಿಡಿದು ಕುಳಿತಿರುವಾಗಲೇ ಫೋನು. "ಅಜ್ಜಿ, ಕ್ಲಬ್‌ನವರು ಒಪ್ಕೊಂಡ್ರು! ಎರಡೂ ಇರುತ್ತೆ!" ದೇವರೇ, ನಿನಗೂ, ಆ ಮರಳಿನ ಹೆಂಗಸಿಗೂ ಕೈ ಮುಗಿದೆ. ಅವಳು ಕಳಿಸಿದ ನಕ್ಷೆಯನ್ನು ಮಗನಿಂದ ಪ್ರಿಂಟ್ ಹಾಕಿಸಿ, ಮಧ್ಯಾಹ್ನ ಹತ್ತಿರದ ಬೆಲ್‌ರೋಸ್ ಪೇಟೆಗೆ ತರಕಾರಿಗೆ ಹೋದಾಗ ನಮ್ಮ ಮೈಸೂರಿನ ಅಂಗಡಿಯವನ ಮುಂದೆ ಹರಡಿದೆ.

ಅವನು ಕೊತ್ತಂಬರಿ ಕಟ್ಟು ಕೆಳಗಿಟ್ಟು ತಲೆ ಕೆರೆದುಕೊಂಡ. "ಎರಡು ಇದೆಯಲ್ಲ ಆಂಟಿ, ಯಾವುದಕ್ಕೆ ಹೊಡೀಬೇಕು?"

"ಈಗ ಬೇಸಿಗೆ ಅಲ್ವೇನಪ್ಪಾ, ಬಲಗಡೇದು," ಎಂದೆ, ಹುಟ್ಟಿದಾಗಿನಿಂದ ಗಾಲ್ಫ್ ಆಡಿದವಳ ಹಾಗೆ.