ಹಿಟ್ಟಿಲ್ಲದ ಉಂಡೆ

ಅವರೆಕಾಳಿನ ಸೊಗಡು ಸೋಪಿಗೆ ಹೋಗುವುದಿಲ್ಲ. ಕಳೆದ ಭಾನುವಾರ ಬೆಳಿಗ್ಗೆಯೆಲ್ಲ ಕುಳಿತು, ನೆನೆಸಿದ ಕಾಳನ್ನು ಒಂದೊಂದಾಗಿ ಹಿತುಕಿ ಬೇಳೆ ಬಿಡಿಸಿದ್ದೆ. ಮಧ್ಯಾಹ್ನ ಪೇಪರ್ ಹಿಡಿದಾಗ ಬೆರಳ ತುದಿಯಿಂದ ಆ ಹಸಿ ವಾಸನೆ ಎದ್ದಿತು. ಓದುತ್ತಿದ್ದ ಸಾಲು ಅಲ್ಲಿಗೇ ನಿಂತಿತು. ಮಾಗಡಿಯ ಆ ಅಡುಗೆಮನೆ, ಉಂಡೆ ಕಟ್ಟುತ್ತಿದ್ದ ಅಕ್ಕನ ಕೈ...

ನನಗೀಗ ಶುಗರ್. ಅಕ್ಕಿ, ರಾಗಿ, ಗೋಧಿ ಮೂರನ್ನೂ ಸದ್ಯಕ್ಕೆ ದೂರವಿಡಿ ಎಂದಿದ್ದಾರೆ ಡಾಕ್ಟರು. ರಾಮನಗರದಲ್ಲಿ ಇದ್ದುಕೊಂಡು ಈ ಮೂರನ್ನೂ ಬಿಟ್ಟವನಿಗೆ ಉಳಿಯುವುದು ಬೇಳೆ, ಸೊಪ್ಪು ಮತ್ತು ಬೇಸರ. ಹಾಗಾಗಿಯೇ ನುಚ್ಚಿನುಂಡೆಗೆ ಕೈ ಹಾಕಿದ್ದು. ಬೇಳೆಯನ್ನು ತರಿತರಿಯಾಗಿ ರುಬ್ಬಿ, ಸಬ್ಬಸಿಗೆ ಸೊಪ್ಪು, ಕಾಯಿತುರಿ, ಹಸಿಮೆಣಸಿನಕಾಯಿ ಕಲಸಿ, ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸುವುದು. ಹೇಳುವುದಕ್ಕೆ ಇಷ್ಟೇ. ನನ್ನವು ಮಾತ್ರ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಒಡೆದು ಹರಡಿಕೊಂಡಿದ್ದವು.

ಅಕ್ಕನವು ಒಡೆಯುತ್ತಿರಲಿಲ್ಲ.

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಎಂ.ಎ. ಮುಗಿಸಿ ಮಾಗಡಿಯ ಕಾಲೇಜೊಂದರಲ್ಲಿ ಪಾಠ ಹೇಳಲು ಹೋದಾಗ ನಾನು ಬಾಡಿಗೆಗಿದ್ದ ಮನೆಯ ಒಡತಿ. ನನಗಿಂತ ಇಪ್ಪತ್ತು ವರ್ಷಕ್ಕಾದರೂ ದೊಡ್ಡವರು. ಗಂಡನಿಗೆ ಸೋಲೂರು ಕಡೆ ತೆಂಗಿನ ತೋಟವಿತ್ತು. ಅವರನ್ನು ಎಲ್ಲರೂ ಯಜಮಾನರು ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತಿದ್ದೆ. ನಾನು ಮನೆ ಸೇರಿದ ವರ್ಷವೇ ಅವರ ಎಡಗಾಲಿನ ಹೆಬ್ಬೆರಳಲ್ಲಿ ಒಂದು ಹುಣ್ಣು ಎದ್ದು, ಮಾಯದೆ ನಿಂತಿತು. ಶುಗರ್ ಇಳಿಯದಿದ್ದರೆ ಬೆರಳು ಹೋಗುತ್ತದೆ, ಬೆರಳಿಗೇ ನಿಲ್ಲುತ್ತದೆಂದೂ ಹೇಳಲಾರೆ ಎಂದರು ಡಾಕ್ಟರು. ಅನ್ನ, ಮುದ್ದೆ ಎರಡೂ ಬಂದ್.

ಅನ್ನ ಬಿಡುವುದು ಯಜಮಾನರಿಗೆ ಕಷ್ಟವಾಗಲಿಲ್ಲ. ಮುದ್ದೆಯಿಲ್ಲದ ತಟ್ಟೆಯ ಮುಂದೆ ಮಾತ್ರ ಅವರು ಕೈ ಕಟ್ಟಿ ಕೂರುತ್ತಿದ್ದರು. ಕೋಸಂಬರಿ, ಪಲ್ಯ ಏನಿಟ್ಟರೂ ಎರಡು ತುತ್ತಿಗೇ ಏಳುತ್ತಿದ್ದರು. ಕೊನೆಗೆ ಅಕ್ಕ ಒಂದು ಉಪಾಯ ಮಾಡಿದರು. ಅವರೆಬೇಳೆಯ ನುಚ್ಚಿನುಂಡೆಯನ್ನೇ ಮುದ್ದೆಯಷ್ಟು ದಪ್ಪಕ್ಕೆ ಕಟ್ಟಿ, ತಟ್ಟೆಯ ನಡುವೆ ಇಟ್ಟು, ಸುತ್ತ ಬಸ್ಸಾರು ಬಿಟ್ಟರು.

ಆ ದಿನ ನಾನೂ ಪಂಕ್ತಿಯಲ್ಲಿದ್ದೆ. ಯಜಮಾನರು ಅಭ್ಯಾಸಬಲದಿಂದ ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಸೀದಾ ನುಂಗಿಬಿಟ್ಟರು. ತರಿ ಬೇಳೆ ಗಂಟಲಲ್ಲಿ ನಿಂತಿತು. ಕಣ್ಣು ಮೇಲಾಯಿತು. ಅಕ್ಕ ಬೆನ್ನಿಗೆ ಗುದ್ದಿ ನೀರು ಕುಡಿಸಿದರು.

"ಅಗುದ್ ತಿನ್ನಿ ಅಂತ ಬಾಯ್ ಬುಟ್ಟು ಹೇಳ್ಲಿಲ್ವಾ ನಾನು?"

"ದುಂಡಗಿರೋದ್ನ ಅಗುದು ನಂಗೆ ಅಭ್ಯಾಸ ಇಲ್ಲ ಕಣೆ," ಎಂದರು ಯಜಮಾನರು ಕೆಮ್ಮುತ್ತ. "ಕಾಲು ಉಳ್ಸಕ್ಕೋಗಿ ಕತ್ತು ಹಿಸುಕ್ಬುಡ್ತೀಯಾ ನೀನು."

"ಮೇಷ್ಟ್ರು ನಗ್ತಾವ್ರೆ ನೋಡಿ. ಒಸಿ ಮರ್ವಾದೆಯಿಂದ ತಿನ್ನಿ."

ನಾನು ನಗುತ್ತಿದ್ದೆನೋ ಇಲ್ಲವೋ ನೆನಪಿಲ್ಲ.

ಕೆಲವು ವಾರಗಳಲ್ಲಿ ಉಂಡೆ ನಯವಾಗುತ್ತ ಬಂತು. ಯಜಮಾನರು ಮತ್ತೆ ನುಂಗತೊಡಗಿದರು. ಮುಖದಲ್ಲಿ ಊಟ ಮಾಡಿದವರ ಕಳೆ ಬಂತು. ಹೇಗೆ ಎಂದು ಕೇಳಿದ್ದಕ್ಕೆ ಅಕ್ಕ, "ಕೈ ಪಳಗ್ತು ಮೇಷ್ಟ್ರೇ," ಎಂದಿದ್ದರು.

ಇಲ್ಲಿಂದ ಮುಂದೆ ನನ್ನ ನೆನಪನ್ನು ನಾನೇ ನಂಬಲಾರೆ. ಒಂದು ಸಂಜೆ ಬಿಸಿನೀರಿಗೆಂದು ಅಡುಗೆಮನೆ ಬಾಗಿಲಿಗೆ ಹೋದಾಗ, ರುಬ್ಬಿದ ಬೇಳೆಯ ಬೋಗುಣಿಯ ಪಕ್ಕ ರಾಗಿ ಹಿಟ್ಟಿನ ಡಬ್ಬಿ ತೆರೆದಿತ್ತು. ಅಕ್ಕನ ಹಸಿರು ಬಳೆಗಳ ಮೇಲೆ ಕಂದು ಹುಡಿ ಕೂತಿತ್ತು. ಹೀಗೊಂದು ಚಿತ್ರ ನನ್ನ ತಲೆಯಲ್ಲಿದೆ. ಆದರೆ ಅದನ್ನು ಆ ಸಂಜೆಯೇ ಕಂಡೆನೋ, ಮುಂದೆ ಆದದ್ದೆಲ್ಲ ಆದ ಮೇಲೆ ನಾನೇ ಕಟ್ಟಿಕೊಂಡೆನೋ ತಿಳಿಯದು. ಕೆಲವೊಮ್ಮೆ ನೆನಪಿನ ಉಂಡೆಗಳು ಅಚ್ಚ ಹಸಿರಾಗಿರುತ್ತವೆ, ಕೆಲವೊಮ್ಮೆ ಕಂದಾಗಿರುತ್ತವೆ. ಒಂದೇ ಸಾಕ್ಷಿಯನ್ನು ನೆಚ್ಚಬೇಡಿ ಎಂದು ತರಗತಿಯಲ್ಲಿ ಹೇಳಿಕೊಂಡು ಬಂದವನು ನಾನು. ಇಲ್ಲಿ ಆ ಒಂದೇ ಸಾಕ್ಷಿಯೂ ನಾನೇ.

ಡಾಕ್ಟರ ಕೋಣೆಯಲ್ಲಿ ನಡೆದದ್ದರ ಬಗ್ಗೆ ಮಾತ್ರ ಅಷ್ಟು ಅನುಮಾನವಿಲ್ಲ. ಯಜಮಾನರಿಗೆ ಹೆಗಲು ಕೊಟ್ಟು ಆಟೋದಿಂದ ಇಳಿಸಿ ಒಳಗೆ ಕರೆದೊಯ್ದವನು ನಾನೇ. ಶುಗರ್ ಇಳಿಯುವ ಬದಲು ಏರಿತ್ತು. ಡಾಕ್ಟರು ಅಕ್ಕನ ಕಡೆ ತಿರುಗಿ, "ಏನಮ್ಮ ತಿನ್ನಿಸ್ತಿದ್ದೀರಾ ಇವರಿಗೆ?" ಎಂದು ಗದರಿದರು.

ಅಕ್ಕ ಬಾಯಿ ತೆರೆಯುವ ಮೊದಲೇ ಯಜಮಾನರು, "ಅವ್ಳದ್ದೇನೂ ಇಲ್ಲ ಸಾರ್," ಎಂದರು. "ಸೋಲೂರ್ ತೋಟದ ಕಡೆ ಹೋಗಿದ್ದೆ. ಅಲ್ಲಿ ನೆಂಟ್ರ ಮನೇಲಿ ಬಲವಂತ ಮಾಡುದ್ರು. ದಿನಾ ಮುದ್ದೆ ಉಂಡ್ಬುಟ್ಟೆ."

ತಿಂಗಳಿಂದ ಅವರು ಜಗಲಿ ಇಳಿದಿರಲಿಲ್ಲ. ಇಳಿಯುವ ಸ್ಥಿತಿಯಲ್ಲೂ ಇರಲಿಲ್ಲ. ಅಕ್ಕ ತಲೆ ಬಗ್ಗಿಸಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ವಾಪಸ್ ಬರುವಾಗ, ಆಟೋ ಮನೆ ಹತ್ತಿರ ಬಂದಾಗ ಯಜಮಾನರು, "ಇನ್ಮೇಲೆ ಅಗುದೇ ತಿಂತೀನಿ ಕಣೆ," ಎಂದರು, ಅಷ್ಟೇ.

ಅವರು ಹೇಳಿದಂತೆ ಮಾಡಿದರು. ಆ ರಾತ್ರಿಯಿಂದ ಉಂಡೆ ಮತ್ತೆ ತರಿತರಿಯಾಗಿತ್ತು. ಆದರೂ ಬೆರಳು ಹೋಯಿತು, ಆಮೇಲೆ ಪಾದ. ಮುಂದಿನ ಅವರೆಕಾಯಿಯ ಹೊತ್ತಿಗೆ ಯಜಮಾನರೇ ಇರಲಿಲ್ಲ. ಒಂದು ಹಿಡಿ ಹಿಟ್ಟು ಅಷ್ಟನ್ನೆಲ್ಲ ಮಾಡುತ್ತದೆಯೇ? ಮಾಡುವುದಿಲ್ಲ ಎಂದೇ ನನ್ನ ಬುದ್ಧಿ ಹೇಳುತ್ತದೆ. ಅಕ್ಕ ಏನೆಂದುಕೊಂಡಿದ್ದರೋ... ನಾನು ಕೇಳಲಿಲ್ಲ. ಕೆಲಸ ಬದಲಾಯಿತು, ಊರು ಬದಲಾಯಿತು. ಈಚೆಗೆ ಬಿಡದಿಯಲ್ಲಿ ತಟ್ಟೆ ಇಡ್ಲಿ ಹೋಟೆಲಿನ ಮುಂದೆ ಮಾಗಡಿಯ ಆ ಬೀದಿಯವರೊಬ್ಬರು ಸಿಕ್ಕಿದರು. ಅಕ್ಕ ತೀರಿಕೊಂಡು ಎರಡು ವರ್ಷವಾಯಿತಂತೆ. ಅವರು ಒಳಗೆ ಕರೆದರು. ನಾನು ಇಡ್ಲಿ ತಿನ್ನುವ ಹಾಗಿರಲಿಲ್ಲ. ಅವರು ತಿನ್ನುವುದನ್ನು ನೋಡುತ್ತ ಕಾಫಿ ಕುಡಿದೆ.

ಆ ಭಾನುವಾರ ಒಡೆದ ಉಂಡೆಗಳನ್ನು ನೋಡಿ ನನ್ನ ಹೆಂಡತಿ ರಾಗಿ ಡಬ್ಬಿ ಎತ್ತಿಕೊಂಡಿದ್ದಳು. "ಒಂದೇ ಒಂದು ಹಿಡಿ ಹಾಕ್ಲಾ? ನಿಲ್ಲುತ್ತೆ. ಡಾಕ್ಟರಿಗೆ ಯಾರು ಹೇಳ್ತಾರೆ?"

ಬೇಡ ಎಂದೆ. ಕೇಳಿದಳಲ್ಲ, ಬೇರೆ ಏನು ಹೇಳಲಿ? ಹಾಗೆ ಹೇಳಿದ ಮೇಲೆಯೇ ನನಗೆ ಹೊಳೆದದ್ದು. ಅಕ್ಕ ಕೇಳಿದ್ದರೆ ಯಜಮಾನರೂ ಬೇಡ ಎನ್ನಬೇಕಾಗುತ್ತಿತ್ತು. ಅದಕ್ಕೇ ಅಕ್ಕ ಕೇಳಿರಲಾರರು. ಯಜಮಾನರೂ ನಾಲಿಗೆಗೆ ಗೊತ್ತಾದದ್ದನ್ನು ಬಾಯಿಬಿಟ್ಟು ಹೇಳಿರಲಾರರು. ಇದೂ ನನ್ನ ಊಹೆ. ಸರಿಯೋ ತಪ್ಪೋ ಹೇಳಬಲ್ಲ ಇಬ್ಬರೂ ಈಗ ಇಲ್ಲ.

ಹೆಂಡತಿ ಡಬ್ಬಿಯನ್ನು ಶೆಲ್ಫಿಗೆ ಇಟ್ಟಳು. ನಾನು ಒಡೆದ ಉಂಡೆಯನ್ನು ಚಮಚದಲ್ಲಿ ಬಾಚಿ, ಸಾರು ಬಿಟ್ಟುಕೊಂಡು, ಬಹಳ ಹೊತ್ತು ಅಗಿಯುತ್ತ ಕುಳಿತೆ.