ಪ್ರಶ್ನೆ ಕೇಳದವರಿಗೆ ವೆರ್ನಾ ಪಿಸ್ತೂಲು ಕೊಡುವುದಿಲ್ಲ

ನನ್ನ ಗಂಡನ ಅಕ್ಕ ವೆರ್ನಾ ಟೋಲೆಫ್ಸನ್‌ಳಂಥ ಮೊಂಡಿ ಇಡೀ ಮೊಂಟಾನಾ ಸೀಮೆಯಲ್ಲಿ ಇನ್ನೊಬ್ಬಳಿಲ್ಲ. ಇದನ್ನು ಅವಳ ಬೆನ್ನ ಹಿಂದೆ ಹೇಳುತ್ತಿಲ್ಲ. ಚರ್ಚಿನ ನೆಲಮಾಳಿಗೆಯಲ್ಲಿ ಎಪ್ಪತ್ತು ಜನರ ಮುಂದೆ ಅವಳ ಮುಖಕ್ಕೇ ಹೇಳಿದ್ದೇನೆ. ಇಪ್ಪತ್ತಾರು ವರ್ಷ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಸೂಪು ಕಲಕಿಕೊಟ್ಟ ಹೆಂಗಸು, ಐವತ್ತೆಂಟನೆಯ ವಯಸ್ಸಿನಲ್ಲಿ ಹೋಗಿ ಬಂದೂಕಿನ ಅಂಗಡಿಯ ಕೌಂಟರಿನ ಹಿಂದೆ ನಿಂತಳು. ಅದೂ ಯಾವ ಅಂಗಡಿ? ನನ್ನ ಗಂಡ, ಅವಳ ಒಡಹುಟ್ಟಿದ ತಮ್ಮ ಎಲ್ಡನ್, ತನ್ನ ಪ್ರಾಣ ತಾನೇ ತೆಗೆದುಕೊಳ್ಳಲು ಪಿಸ್ತೂಲು ಕೊಂಡ ಅಂಗಡಿ.

ಹೇಳಿಬಿಟ್ಟೆ. ಊರಲ್ಲಿ ಎಲ್ಲರೂ ‘ಆ ದುರ್ಘಟನೆ’ ಎಂದು ದನಿ ತಗ್ಗಿಸುತ್ತಾರೆ. ನಾನು ತಗ್ಗಿಸುವುದಿಲ್ಲ. ಮೂವತ್ತೊಂದು ವರ್ಷ ಅವನ ಜೊತೆ ಬಾಳಿದವಳು ನಾನು, ಹೇಳುವ ಹಕ್ಕೂ ನನ್ನದೇ.

ಮಣ್ಣು ಮಾಡಿ ಮೂರು ವಾರವೂ ಆಗಿರಲಿಲ್ಲ. ವೆರ್ನಾ ಆ ಅಂಗಡಿಗೆ ಹೋದಳು. ಮಾಲೀಕ ರಾಯ್ಸ್ ಪೆಟ್ರಿ ಅವಳನ್ನು ನೋಡಿದೊಡನೆ ಕೈಲಿದ್ದ ಕಾಫಿ ಲೋಟ ಕೆಳಗಿಟ್ಟನಂತೆ, ಅವಳೇನಾದರೂ ಎಸೆದರೆ ತಪ್ಪಿಸಿಕೊಳ್ಳಲು ಎರಡು ಕೈಯೂ ಬೇಕಲ್ಲ. ಅವಳು ಏನನ್ನೂ ಎಸೆಯಲಿಲ್ಲ. ಮುಂದಿನದನ್ನು ರಾಯ್ಸೇ ಆಮೇಲೆ ನನಗೆ ಹೇಳಿದ.

“ನನ್ನ ತಮ್ಮ ಇಲ್ಲಿ ಎಷ್ಟು ಹೊತ್ತಿದ್ದ?”

“ಕಾಲು ಗಂಟೆನೂ ಇರ್ಲಿಲ್ಲ ವೆರ್ನಾ.”

“ಏನೇನು ಕೇಳ್ದ?”

“ಏನೂ ಕೇಳ್ಲಿಲ್ಲ. ಯಾವ್ದಾದ್ರೂ ಸರಿ ಅಂದ.”

“ನೀನೇನು ಕೇಳ್ದೆ?”

“ಚೀಲಕ್ಕೆ ಹಾಕ್ಲಾ ಅಂತ ಕೇಳ್ದೆ.”

“ಸೋಮವಾರದಿಂದ ಕೆಲ್ಸಕ್ಕೆ ಬರ್ತೀನಿ,” ಅಂದಳು ವೆರ್ನಾ. ಕೆಲಸ ಕೊಡುತ್ತೀಯಾ ಎಂದು ಕೇಳಲಿಲ್ಲ, ಬರುತ್ತೇನೆ ಎಂದು ಹೇಳಿ ಹೊರಟಳು. ಸೋಮವಾರ ರಾಯ್ಸ್ ಅವಳಿಗೊಂದು ಏಪ್ರನ್ ಕೊಟ್ಟ.

ನನಗೆ ಸುದ್ದಿ ತಿಳಿದಾಗ ಮೈಯೆಲ್ಲ ಉರಿದುಹೋಯಿತು. ಆ ಭಾನುವಾರ ಪ್ರಾರ್ಥನೆ ಮುಗಿದು ಎಲ್ಲರೂ ಕೆಳಗೆ ಊಟಕ್ಕೆ ಕೂತಿದ್ದರು. ಅವಳು ಕೊಚ್ಚಿದ ಮಾಂಸ, ಆಲೂಗಡ್ಡೆ ಹಾಕಿ ಬೇಯಿಸಿದ ಹಾಟ್‌ಡಿಶ್ ತಂದು ಮೇಜಿನ ಮೇಲಿಟ್ಟಳು. ನಾನು ಆ ಪಾತ್ರೆ ಎತ್ತಿಕೊಂಡು ಹೋಗಿ ಕಸದ ಡಬ್ಬಿಗೆ ಸುರಿದೆ. “ತಮ್ಮನ ರಕ್ತ ಆರೋ ಮುಂಚೆ ಅದೇ ಅಂಗಡೀಲಿ ಕೂಲಿಗೆ ನಿಂತ್ಯಲ್ಲೇ, ನಾಚ್ಕೆ ಆಗಲ್ವಾ ನಿಂಗೆ?” ಎಂದು ಕೂಗಿದೆ. ನಮ್ಮ ಲೂಥರನ್ ಪಂಥದ ಜನ ಅತ್ತರೂ ಸದ್ದಾಗದ ಹಾಗೆ ಅಳುವವರು. ಎಲ್ಲರೂ ತಟ್ಟೆಯೊಳಗೆ ಮುಖ ಹುದುಗಿಸಿಕೊಂಡರು. ವೆರ್ನಾ ಖಾಲಿ ಪಾತ್ರೆಯನ್ನು ಅಲ್ಲೇ ತೊಳೆದು ಒರೆಸಿ ಬಗಲಿಗಿಟ್ಟುಕೊಂಡು ಹೋದಳು.

ಅದಾದ ಮೇಲೆ ಒಂದು ವರ್ಷ ನಾನು ಅವಳ ಜೊತೆ ಮಾತಾಡಲಿಲ್ಲ. ಒಂದೇ ಸಲ ಮನೆಗೆ ಬಂದಿದ್ದಳು. ಎಲ್ಡನ್‌ನ ಬೇಟೆಯ ಬಂದೂಕುಗಳನ್ನೆಲ್ಲ ತೊಳೆದು ಎಣ್ಣೆ ಹಾಕಿ ಕೊಡುತ್ತೇನೆ ಎಂದು ಹೊತ್ತುಕೊಂಡು ಹೋದವಳು ಇವತ್ತಿಗೂ ತಂದುಕೊಟ್ಟಿಲ್ಲ. ಕೇಳಿದರೆ “ಇನ್ನೂ ಒಣಗಿಲ್ಲ” ಅನ್ನುತ್ತಾಳೆ.

ಅವಳು ಕೆಲಸ ಮಾಡುವ ರೀತಿಯನ್ನು ಹೇಳಬೇಕು. ಮೈಮೇಲೆ ಮರೆಮಾಡಿ ಇಟ್ಟುಕೊಳ್ಳಲು ಚಿಕ್ಕ ಪಿಸ್ತೂಲು ಬೇಕು ಎಂದು ಯಾರೇ ಬರಲಿ, ವೆರ್ನಾ ಹಸಿರು ಬಟ್ಟೆ ಹಾಸಿ ಮೂರನ್ನು ಸಾಲಾಗಿ ಇಡುತ್ತಾಳೆ. ಅಂಗೈಯಲ್ಲಿ ಅಡಗುವ ಐದು ಗುಂಡಿನ ರಿವಾಲ್ವರ್ ಒಂದು. ಹತ್ತು ಗುಂಡಿನ ತೆಳ್ಳನೆಯ ಪಿಸ್ತೂಲು ಇನ್ನೊಂದು. ಅದಕ್ಕಿಂತ ಬೆರಳಷ್ಟು ದಪ್ಪ, ಹದಿನೈದು ಗುಂಡಿನದು ಮೂರನೆಯದು. ಇಟ್ಟು, ಕೈಕಟ್ಟಿ ನಿಲ್ಲುತ್ತಾಳೆ.

ಜಾನುವಾರು ಸಾಕುವ ಕಾರ್ಸ್ಟನ್ ರೂಡ್ ಹೋದ ವರ್ಷ ಬಂದ ದಿನ ನಾನೂ ಅಲ್ಲಿದ್ದೆ. ಬಾಗಿಲಿನಷ್ಟು ಅಗಲದ ಆಳು, ನೆಟ್ಟಗೆ ಹೋಗಿ ಎಲ್ಲಕ್ಕಿಂತ ಚಿಕ್ಕದಕ್ಕೆ ಕೈ ಹಾಕಿದ.

“ಇದೇ ಕೊಡು. ಹಗುರ ಇದೆ, ಜೇಬಲ್ಲಿ ಇದ್ರೂ ಗೊತ್ತಾಗಲ್ಲ.”

“ಹೊಡ್ದಾಗ ಗೊತ್ತಾಗುತ್ತೆ,” ಅಂದಳು ವೆರ್ನಾ. “ಹಗುರ ಇದ್ದಷ್ಟೂ ಒದೆ ಜಾಸ್ತಿ. ಹಿಡಿ ನೋಡು, ನಿನ್ನ ಕಿರುಬೆರಳಿಗೆ ಜಾಗಾನೇ ಇಲ್ಲ. ಹತ್ತು ಗುಂಡು ಹೊಡ್ದ್ಮೇಲೆ ಕೈ ನೋವಾಗಿ ಡ್ರಾಯರ್‌ನಲ್ಲಿ ಇಟ್ಟು ಮರೀತೀಯ.”

“ಹಂಗಾದ್ರೆ ದಪ್ಪಂದು ಕೊಡು.”

“ಗುರಿ ಚೆನ್ನಾಗಿ ಕೂರುತ್ತೆ. ಆದ್ರೆ ಅಂಗಿ ಮೇಲೆ ಉಬ್ಬಿ ಕಾಣುತ್ತೆ. ಬೇಸಿಗೇಲಿ ಏನ್ ಮಾಡ್ತೀಯ, ಕೋಟು ಹಾಕ್ಕೊಂಡು ಹುಲ್ಲು ಕೊಯ್ತೀಯಾ?”

“ನೀನು ಮಾರೋಕೆ ನಿಂತಿದ್ದೀಯೋ ಓಡ್ಸೋಕೋ?”

“ಕೂತ್ಕೊಂಡು ನೋಡು, ಆಮೇಲೆ ಬೈ.”

ಕೂತು ನೋಡುವುದಕ್ಕೆ ಅಂಗಡಿಯ ಮೂಲೆಯಲ್ಲಿ ಹಳೆಯ ಪಿಕಪ್ ಗಾಡಿಯ ಸೀಟು ಒಂದಿದೆ, ಬೆಲ್ಟಿನ ಸಮೇತ. ನೀಲಿ ಪ್ಲಾಸ್ಟಿಕ್ಕಿನ ಬೊಂಬೆ ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಿ, ಬೆಲ್ಟು ಬಿಗಿಸಿ, ಬಗ್ಗಿ ಬೂಟಿನ ದಾರ ಕಟ್ಟಿಸುತ್ತಾಳೆ. ದಿನದ ಅರ್ಧ ಹೊತ್ತು ಗಾಡಿಯಲ್ಲೇ ಕಳೆಯುವ ನಮ್ಮ ಜನಕ್ಕೆ ಅಲ್ಲಿಯೇ ಸತ್ಯ ತಿಳಿಯುವುದು. ಕಾರ್ಸ್ಟನ್ ಬಗ್ಗಿದವನು “ಅಯ್ಯಯ್ಯೋ, ಹೊಟ್ಟೆಗೆ ಚುಚ್ತು!” ಎಂದು ಎದ್ದು, ಸೊಂಟದ ಪಕ್ಕಕ್ಕೆ ಇಟ್ಟರೆ ಹೇಗೆ, ಎಡಗೈಯಲ್ಲಿ ತೆಗೆಯಬೇಕಾದರೆ ಹೇಗೆ, ಹೆಂಡತಿಗೂ ಆದೀತೇ ಎಂದು ಶುರುಮಾಡಿದ. ಅವನ ಪ್ರಶ್ನೆ ಮುಗಿಯುವ ಹೊತ್ತಿಗೆ ನಾನು ಎರಡು ಲೋಟ ಕಾಫಿ ಮುಗಿಸಿದ್ದೆ.

ಪಿಸ್ತೂಲಿನ ಜೊತೆ ಬದುಕಬೇಕು ಎನ್ನುವವನು ಹೋಲಿಸುತ್ತಾನೆ, ಚೌಕಾಸಿ ಮಾಡುತ್ತಾನೆ, ತಲೆ ತಿನ್ನುತ್ತಾನೆ. ವೆರ್ನಾ ಕಾಯುವುದು ಅದಕ್ಕೇ. ತಲೆ ತಿನ್ನದವನನ್ನು ಕಂಡರೆ ಅವಳಿಗೆ ಭಯ. ಇದು ನನಗೆ ಹೇಗೆ ಗೊತ್ತು ಎಂದರೆ, ಅವಳು ಅಂಗಡಿಗೆ ಸೇರಿದ ಮರುವರ್ಷದ ಏಪ್ರಿಲ್‌ನಲ್ಲಿ ಅಲ್ಲಿಗೆ ಹೋಗಿ ಒಂದೂ ಪ್ರಶ್ನೆ ಕೇಳದೆ ನಿಂತವಳು ನಾನೇ.

ಎಲ್ಡನ್ ಹೋದ ಕಡೆಗೇ ನಾನೂ ಹೋಗಬೇಕು ಎಂದು ತೀರ್ಮಾನಿಸಿಯಾಗಿತ್ತು. ಅಳು ಕೂಡ ನಿಂತುಹೋಗಿತ್ತು ಆ ವಾರ. ಮನೆ ಗುಡಿಸಿದ್ದೆ, ಕೋಳಿಗಳನ್ನು ಮಾರಿದ್ದೆ. ನಲವತ್ತು ಮೈಲಿ ಆಚೆ ಬೇರೆ ಅಂಗಡಿ ಇತ್ತು, ಅಲ್ಲಿಗೆ ಹೋಗಬಹುದಿತ್ತು. ಹೋಗದೆ ವೆರ್ನಾಳ ಎದುರಿಗೇ ಹೋಗಿ ನಿಂತೆ. ಅವಳ ಹೊಟ್ಟೆ ಉರಿಸುವುದಕ್ಕೆ ಎಂದು ಆಗ ನನಗೆ ನಾನೇ ಹೇಳಿಕೊಂಡಿದ್ದೆ.

“ಪಿಸ್ತೂಲು ಬೇಕು. ನಮ್ಮ ರಸ್ತೇಲಿ ಕಳ್ಳರ ಕಾಟ,” ಅಂದೆ.

ಒಂದು ವರ್ಷದ ಮೇಲೆ ನಾನು ಆಡಿದ ಮೊದಲ ಮಾತು ಅದು. ಅವಳು ನನ್ನ ಮುಖವನ್ನೇ ನೋಡಿದಳು. ಬಟ್ಟೆ ಹಾಸಿದಳು, ಮೂರನ್ನೂ ಇಟ್ಟಳು.

“ಯಾವ್ದು?”

“ಯಾವ್ದಾದ್ರೂ ಸರಿ.”

ಅವಳ ಕೈ ಬಟ್ಟೆಯ ಮೇಲೆ ಹಾಗೇ ನಿಂತಿತು. “ಸೊಂಟಕ್ಕೋ, ಕೈಚೀಲಕ್ಕೋ?”

“ಎಲ್ಲಾದ್ರೂ ಇಟ್ಕೋತೀನಿ, ನಿಂಗ್ಯಾಕೆ?”

“ಕೂತ್ಕೊಂಡು ನೋಡು ಮಾರ್ಲಿಸ್.”

“ಬೇಕಾಗಿಲ್ಲ.”

ಇಷ್ಟರಲ್ಲಿ ರಾಯ್ಸ್ ಓಡಿಬಂದ. ನನ್ನನ್ನು ಕಂಡರೆ ಅವನಿಗೆ ನಡುಕ, ಕೇಳಿದ್ದು ಕೊಟ್ಟು ಬೇಗ ಕಳಿಸಿದರೆ ಸಾಕು ಎಂಬ ಅವಸರ. ಸರ್ಕಾರದ ಫಾರ್ಮ್ ತಂದು ಮುಂದಿಟ್ಟ, ತುಂಬಿದೆ. ಆ ಕಚೇರಿಗೆ ಫೋನ್ ಮಾಡಿ ವಿಚಾರಿಸಿದ, ನನ್ನ ಮೇಲೆ ಯಾವ ಕೇಸೂ ಇಲ್ಲ, ಕೊಡಬಹುದು ಎಂದು ಆ ಕಡೆಯಿಂದ ಉತ್ತರ ಬಂತು. ರಾಯ್ಸ್ ನಡುವಿನ ಪಿಸ್ತೂಲಿಗೆ ಕೈ ಚಾಚಿದ. ಅದರ ಮೇಲೆ ವೆರ್ನಾಳ ಅಂಗೈ ಬಂದು ಕೂತಿತು.

“ನಾಯಿ ಎಲ್ಲಿ?” ಎಂದಳು ನನಗೆ.

ನಮ್ಮ ನಾಯಿ ಬಿಸ್ಕಿಟ್ ನಾನು ಎಲ್ಲಿಗೆ ಹೋದರೂ ಗಾಡಿಯ ಕಿಟಕಿಯಲ್ಲಿ ಮೂತಿ ಇಟ್ಟುಕೊಂಡು ಕೂರುತ್ತಿತ್ತು. ಊರಿಗೆಲ್ಲ ಗೊತ್ತಿದ್ದ ಮಾತು. ಹೊರಗೆ ಕಿಟಕಿ ಖಾಲಿ ಇತ್ತು.

“ಹ್ಯಾನ್ಸೆತ್ ಮನೆಯವರಿಗೆ ಕೊಟ್ಟೆ.”

“ಕಳ್ಳರ ಕಾಟ ಅಂತೀಯ, ನಾಯೀನ ಬೇರೆಯವರಿಗೆ ಕೊಟ್ಟಿದ್ದೀಯ.” ಅವಳ ಕೈ ಸರಿಯಲಿಲ್ಲ. “ನಿಂಗೆ ಕೊಡಲ್ಲ. ಹೋಗು.”

“ವೆರ್ನಾ, ಫಾರ್ಮ್ ಆಗಿದೆ, ಫೋನೂ ಆಗಿದೆ,” ಅಂದ ರಾಯ್ಸ್. “ಕಾನೂನು ಪ್ರಕಾರ ಎಲ್ಲ ಸರಿ ಇದೆ.”

“ಕಾನೂನು ಪ್ರಕಾರ ಎಲ್ಡನ್‌ದೂ ಸರಿಯಾಗೇ ಇತ್ತು.”

“ಅಂಗಡಿ ನಂದು ಕಣಮ್ಮ!”

“ಹೌದಪ್ಪ, ನಿಂದೇ. ಹಂಗಾದ್ರೆ ನೀನೇ ಎತ್ತಿ ಕೊಡು. ನನ್ನ ಕೈ ಸರಿಸಿ, ನಿನ್ನ ಕೈಯಾರೆ ಕೊಡು. ಅದೇ ಮನೆಗೆ ಎರಡ್ನೇ ಸಲ ಕೊಡು. ಆಮೇಲೆ ಚೀಲಕ್ಕೆ ಹಾಕ್ಲಾ ಅಂತ ಕೇಳು!”

ರಾಯ್ಸ್ ಹಿಂದೆ ಸರಿದು ಗೋಡೆಗೆ ಒರಗಿದ. ನಾನು ಕೈಗೆ ಸಿಕ್ಕಿದ್ದನ್ನು ಎಸೆಯಲು ಆ ಕಡೆ ಈ ಕಡೆ ನೋಡಿದೆ, ಆಗ ಮೂಲೆಯ ಸೀಟು ಕಣ್ಣಿಗೆ ಬಿತ್ತು. ಹರಿದ ಜಾಗಕ್ಕೆ ಕೆಂಪು ನೂಲಿನ ಹೊಲಿಗೆ. ನನ್ನದೇ ಹೊಲಿಗೆ. ಎಲ್ಡನ್‌ನ ಪಿಕಪ್ಪನ್ನು ನಾನು ಗುಜರಿಯವನಿಗೆ ಕೊಟ್ಟಿದ್ದೆ, ಅದರ ಸೀಟನ್ನು ಇವಳು ಬಿಚ್ಚಿ ತಂದಿದ್ದಳು.

“ನನ್ನ ಗಂಡನ ಸೀಟು ತಂದು ಕಂಡಕಂಡವರನ್ನ ಕೂರಿಸ್ತೀಯೇನೇ?”

“ಹೂಂ. ಕೂರಿಸ್ತೀನಿ. ಅವನು ಕೂತು ನೋಡ್ಲಿಲ್ಲ, ಯಾರೂ ಕೂರು ಅಂತ ಹೇಳ್ಲಿಲ್ಲ. ಇಲ್ಲಿಗೆ ಬರೋರೆಲ್ಲ ಕೂತ್ಕೊಂಡೇ ಹೋಗ್ಬೇಕು.”

ನಲವತ್ತು ಮೈಲಿ ಆಚೆಯ ಅಂಗಡಿಗೆ ಹೋಗುತ್ತೇನೆ ಎಂದು ಕಿರುಚಿದೆ. ಅವಳು ನನ್ನ ಎದುರಿಗೇ ಆ ಅಂಗಡಿಗೆ ಫೋನ್ ಹಚ್ಚಿದಳು. ಬಿಳಿ ಜಡೆ, ಹಸಿರು ಕೋಟು, ಹೆಸರು ಮಾರ್ಲಿಸ್, ನಮ್ಮ ಮನೆಯವಳು, ಇವತ್ತು ಅವಳಿಗೆ ಏನೂ ಕೊಡಬೇಡಿ. ಇಷ್ಟು ಹೇಳಿ ಇಟ್ಟಳು. ಅಂಥ ಅವಮಾನ ನನಗೆ ಹುಟ್ಟಿದ ಮೇಲೆ ಆಗಿರಲಿಲ್ಲ. ನಾನು ಹೊರಗೆ ಬಂದು ಗಾಡಿ ಹತ್ತಿದರೆ ಆ ಕಡೆಯ ಬಾಗಿಲು ತೆಗೆದು ಅವಳೂ ಹತ್ತಿ ಕೂತಳು. ಏಪ್ರನ್ ಕೂಡ ಬಿಚ್ಚಿರಲಿಲ್ಲ.

“ಇಳಿ.”

“ಇಳಿಯಲ್ಲ.”

“ಇಳೀತೀಯೋ ಇಲ್ವೋ?”

“ಜಪ್ಪಯ್ಯ ಅಂದ್ರೂ ಇಳಿಯಲ್ಲ. ಎಲ್ಲಿಗೆ ಹೋಗ್ತೀಯೋ ಹೋಗು, ನಾನೂ ಬರ್ತೀನಿ. ಒಂದು ವರ್ಷ ಮಾತಾಡ್ದೆ ಇದ್ವಿ. ಇನ್ನೂ ಹತ್ತು ವರ್ಷ ಮಾತಾಡ್ಬೇಡ, ಆದ್ರೆ ಇರು. ನನ್ನ ಬೈಯೋಕಾದ್ರೂ ಇರು ಮಾರ್ಲಿಸ್!”

ಬೈದೆ. ಅವಳನ್ನೂ ಬೈದೆ, ಎಲ್ಡನ್‌ನನ್ನೂ ಬೈದೆ, ದೇವರನ್ನೂ ಬಿಡಲಿಲ್ಲ. ಗಾಡಿ ಹೊರಟ ಮೇಲೂ ಬೈಯುತ್ತಲೇ ಇದ್ದೆ. ಗಾಳಿ ಗೋಧಿ ಹೊಲದ ಮೇಲಿಂದ ಗಾಡಿಯನ್ನು ಪಕ್ಕಕ್ಕೆ ತಳ್ಳುತ್ತಿತ್ತು. ಹನ್ನೆರಡನೆಯ ಮೈಲಿಯಲ್ಲಿ ಅವಳು ಕೈ ತೋರಿಸಿ, “ಹ್ಯಾನ್ಸೆತ್ ಮನೆ ದಾರೀಲೇ ಇದೆ,” ಅಂದಳು. ಯಾಕೆ ತಿರುಗಿಸಿದೆನೋ ಗೊತ್ತಿಲ್ಲ, ತಿರುಗಿಸಿದೆ. ಬಿಸ್ಕಿಟ್ ಬೇಲಿ ಹಾರಿ ಬಂತು. ತೆರೆದ ಬಾಗಿಲಲ್ಲಿ ನುಗ್ಗಿ ನಮ್ಮಿಬ್ಬರ ನಡುವೆ ಕೂತು, ಕೆಸರು ಕಾಲನ್ನು ನನ್ನ ತೊಡೆಯ ಮೇಲಿಟ್ಟಿತು. ನಿಂತುಹೋಗಿದ್ದ ಅಳುವೆಲ್ಲ ಆಗ ಬಂತು. ಸದ್ದು ಮಾಡಿಯೇ ಅತ್ತೆ.

ವೆರ್ನಾ ಮರುದಿನ ನನ್ನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಆಮೇಲೆ ಎರಡು ತಿಂಗಳು ನನ್ನ ಮನೆಯಲ್ಲೇ ಬಿಡಾರ ಹೂಡಿದಳು. ಅವಳ ಗೊರಕೆಯ ಬಗ್ಗೆ ಏನೂ ಹೇಳುವುದಿಲ್ಲ. ಮಾತ್ರೆ ನುಂಗಿದೆ, ಪ್ರತಿ ಗುರುವಾರ ಆಪ್ತಸಲಹೆ ಕೊಡುವ ಒಬ್ಬ ಹುಡುಗಿಯ ಎದುರು ಕೂತು ಎಲ್ಡನ್ ವಿಷಯ ಹೇಳಿದೆ. ಒಂದೇ ಸಲಕ್ಕೆ ಸರಿಹೋಗಲಿಲ್ಲ. ಕೆಲವು ದಿನ ಎದ್ದೇಳುವುದೇ ಬೇಡ ಅನ್ನಿಸುತ್ತಿತ್ತು, ಬಿಸ್ಕಿಟ್ ಹೊದಿಕೆ ಎಳೆದು ಎಬ್ಬಿಸುತ್ತಿತ್ತು.

ಅದರ ಮುಂದಿನ ವರ್ಷ ಅಕ್ಟೋಬರಿನಲ್ಲಿ, ಒಂದು ಶುಕ್ರವಾರ ಮಧ್ಯಾಹ್ನ, ನಾಯಿಯ ಜೊತೆ ಮತ್ತೆ ಅಂಗಡಿಗೆ ಹೋದೆ. ಈ ಸಲ ನೆಟ್ಟಗೆ ಹೋಗಿ ಎಲ್ಡನ್‌ನ ಸೀಟಿನಲ್ಲಿ ಕೂತೆ, ಬೆಲ್ಟು ಎಳೆದು ಹಾಕಿಕೊಂಡೆ. ಬಿಸ್ಕಿಟ್ ಪಕ್ಕಕ್ಕೆ ಹತ್ತಿತು.

“ಆ ನೀಲಿ ಬೊಂಬೆ ತಾ,” ಅಂದೆ.

ವೆರ್ನಾ ತಂದಳು. ಮುಖ ಬಿಳಿಚಿತ್ತು.

“ಇದೇನೇ ಇದು, ಪಕ್ಕೆಗೆ ಒತ್ತುತ್ತಲ್ಲ? ಹೆಂಗಸರ ಸೊಂಟ ನೋಡೇ ಇಲ್ವಾ ಇದನ್ನ ಮಾಡ್ದೋರು? ಹೊಸ ಕೋಳಿ ತಂದಿದ್ದೀನಿ, ಬಗ್ಗಿ ಮೊಟ್ಟೆ ಎತ್ತೋದು ಹೆಂಗೆ? ಆ ತೆಳ್ಳಂದು ಚಳೀಲಿ ಕೈಗವಸು ಹಾಕ್ಕೊಂಡ್ರೆ ಹಿಡಿಯೋಕಾಗುತ್ತಾ? ಅದ್ರ ಮೇಲಿನ ಭಾಗ ಹಿಂದಕ್ಕೆ ಎಳೆಯೋಕೆ ಅಷ್ಟು ಬಿಗಿ ಯಾಕೆ, ಗಂಟುನೋವು ಇರೋರು ಏನ್ಮಾಡ್ಬೇಕು? ಕೈಚೀಲದಲ್ಲಿ ಇಟ್ರೆ ಆಗಲ್ವಾ?”

“ಆಗಲ್ಲ. ಚೀಲ ಕಿತ್ಕೊಂಡ್ರೆ ಪಿಸ್ತೂಲೂ ಅವನ್ದೇ.”

“ಸರಿ, ಚರ್ಚಲ್ಲಿ ಮಂಡಿಯೂರಿದಾಗ ಬೀಳಲ್ವಾ?”

ನಾನು ಕೇಳುತ್ತಲೇ ಹೋದೆ. ಅವಳು ಉತ್ತರ ಹೇಳುತ್ತಲೇ ಹೋದಳು. ಕೆಳಗೆ ಇಳಿಬಿಟ್ಟ ಅವಳ ಕೈಯ ಬೆರಳುಗಳು ಒಂದೊಂದೇ ಮಡಚಿಕೊಳ್ಳುತ್ತಿದ್ದದ್ದು ನನಗೆ ಕಾಣುತ್ತಿತ್ತು. ಕೊನೆಗೆ “ಹದಿನೇಳು ಪ್ರಶ್ನೆ” ಎಂದಳು. ಆಮೇಲೆ ನನ್ನ ಕಡೆ ಬೆನ್ನು ಮಾಡಿ, ಧೂಳೇ ಇಲ್ಲದ ಕಪಾಟನ್ನು ಬಹಳ ಹೊತ್ತು ಒರೆಸಿದಳು.

ಅದಾಗಿ ಆರು ವರ್ಷವಾಯಿತು. ನಾನು ಇನ್ನೂ ಏನೂ ಕೊಂಡಿಲ್ಲ. ಪ್ರತಿ ಶುಕ್ರವಾರ ಹೋಗುತ್ತೇನೆ, ರಾಯ್ಸ್‌ನ ಕಾಫಿ ಕುಡಿಯುತ್ತೇನೆ, ಮೂರನ್ನೂ ಸಾಲಾಗಿ ಇಡಿಸಿಕೊಂಡು ಹೊಸದೊಂದು ತಕರಾರು ತೆಗೆಯುತ್ತೇನೆ. ಹೋದ ವಾರ ರಾಯ್ಸ್‌ಗೆ ತಾಳ್ಮೆ ತಪ್ಪಿತು. “ಮಾರ್ಲಿಸ್, ಕೊಂಡ್ಕೋತೀಯೋ ಇಲ್ವೋ, ಒಂದು ಹೇಳಿಬಿಡು ಮಾರಾಯ್ತಿ!”

“ಸುಮ್ನಿರು ರಾಯ್ಸ್,” ಅಂದಳು ವೆರ್ನಾ, ಬಟ್ಟೆ ಹಾಸುತ್ತಲೇ. “ಅವಳು ಇನ್ನೂ ನೋಡ್ತಾ ಇದ್ದಾಳೆ.”

ಮುಂದಿನ ಶುಕ್ರವಾರದ ಪ್ರಶ್ನೆಯನ್ನು ನಾನು ಆಗಲೇ ಯೋಚಿಸಿಟ್ಟಿದ್ದೇನೆ.